ಎರಡು ಸಹಿಗಳ ನಡುವಿನ ಮಗು

2020ರ ಮೇ 25. ಲಾಕ್‌ಡೌನ್ ಸಡಿಲಿಸಿ ದೇಶದೊಳಗೆ ಮತ್ತೆ ವಿಮಾನ ಹಾರಿಸಿದ ಮೊದಲ ದಿನ. ಅಂದು ದೆಹಲಿಯಿಂದ ಬೆಂಗಳೂರಿಗೆ ಬಂದಿಳಿದವರಲ್ಲಿ ಐದು ವರ್ಷದ ಹುಡುಗನೊಬ್ಬನಿದ್ದ. ಹಳದಿ ಜಾಕೆಟ್, ಮುಖಕ್ಕೆ ಮಾಸ್ಕ್, ಕೈಯಲ್ಲಿ ವಿಶೇಷ ವರ್ಗದ ಪ್ರಯಾಣಿಕ ಎಂದು ಸಾರುವ ಫಲಕ. ಅಜ್ಜ-ಅಜ್ಜಿಯ ಮನೆಯಲ್ಲಿ ಮೂರು ತಿಂಗಳು ಸಿಕ್ಕಿಕೊಂಡಿದ್ದ ಅವನನ್ನು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ತಾಯಿ ಎದುರುಗೊಂಡರು. ಅವನ ಫೋಟೊ ದೇಶವೆಲ್ಲ ಓಡಾಡಿತು. ದೊಡ್ಡವರ ಜೊತೆಯಿಲ್ಲದೆ ಹಾರುವ ಮಕ್ಕಳಿಗಾಗಿ ವಿಮಾನ ಕಂಪನಿಗಳು ಮಾಡಿಕೊಂಡಿರುವ ನಿಯಮಗಳು ತಮ್ಮ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ ದಿನವದು. ಆದರೆ ನಿಯಮವೊಂದನ್ನು ಎಲ್ಲ ಸರಿಹೋದ ದಿನದಿಂದ ಅಳೆಯಲಾಗದು.

ಈ ವ್ಯವಸ್ಥೆಯ ಮೂಲ ನಮಗೆ ಹೊಸದಲ್ಲ. ಮಗುವನ್ನು ಬಸ್ ಹತ್ತಿಸಿ, 'ಸ್ವಲ್ಪ ನೋಡ್ಕೊಳ್ಳಿ, ಸ್ಟ್ಯಾಂಡಲ್ಲಿ ಅವರ ಮಾವ ಬಂದಿರ್ತಾರೆ' ಎಂದು ಕಂಡಕ್ಟರಿಗೆ ಒಪ್ಪಿಸುವ ರೂಢಿ ನಮ್ಮ ಊರುಗಳಲ್ಲಿ ಹಳೆಯದು. ವಿಮಾನ ಕಂಪನಿ ಆ ಬಾಯಿಮಾತನ್ನು ಕಾಗದಕ್ಕೆ ಇಳಿಸಿದೆ. ಕಳಿಸುವವರು ಯಾರು, ಕರೆದೊಯ್ಯುವವರು ಯಾರು, ಅವರ ವಿಳಾಸ, ಫೋನ್ ನಂಬರು, ಗುರುತಿನ ಚೀಟಿ ಎಲ್ಲ ಫಾರಂನಲ್ಲಿ ಇರಬೇಕು. ಮಗು ಕೈಯಿಂದ ಕೈಗೆ ದಾಟಿದಂತೆಲ್ಲ ಒಂದೊಂದು ಸಹಿ ಬೀಳುತ್ತದೆ. ಹೆಸರು ಬರೆಸಿದವರನ್ನು ಬಿಟ್ಟು ಬೇರೆಯವರು ಬಂದು ಕೇಳಿದರೆ ಮಗುವನ್ನು ಕೊಡುವುದಿಲ್ಲ. ಇದು ಈ ನಿಯಮಗಳ ನಿಜವಾದ ಸಾಧನೆ. ಬೇರ್ಪಟ್ಟ ತಂದೆ-ತಾಯಿಯರ ನಡುವೆ ಓಡಾಡುವ ಮಕ್ಕಳಿಗಂತೂ ಇದು ದೊಡ್ಡ ರಕ್ಷೆ.

ವಯಸ್ಸಿನ ಗೆರೆ ಮಾತ್ರ ಕಂಪನಿಗೊಂದು ಥರ. ಭಾರತದ ಕಂಪನಿಗಳಲ್ಲಿ ಸಾಮಾನ್ಯವಾಗಿ ಐದು ತುಂಬಿದ, ಹನ್ನೆರಡು ತುಂಬದ ಮಕ್ಕಳಿಗೆ ಈ ಸೇವೆ ಕಡ್ಡಾಯ. ಅಮೆರಿಕದ ಹಲವು ದೊಡ್ಡ ಕಂಪನಿಗಳಲ್ಲಿ ಅದು ಹದಿನಾಲ್ಕರವರೆಗೆ ಕಡ್ಡಾಯ. ಒಂದು ದಾರಿಗೆ 150 ಡಾಲರ್ ಶುಲ್ಕ. ಬ್ರಿಟಿಷ್ ಏರ್‌ವೇಸ್ 2016ರಲ್ಲಿ ಸೇವೆಯನ್ನೇ ನಿಲ್ಲಿಸಿತು. ರಯಾನ್‌ಏರ್, ಈಸಿಜೆಟ್ ಕಂಪನಿಗಳು ಹದಿನಾರರೊಳಗಿನವರನ್ನು ಒಂಟಿಯಾಗಿ ಹತ್ತಿಸಿಕೊಳ್ಳುವುದೇ ಇಲ್ಲ. ಹದಿಮೂರರ ಹುಡುಗಿ ಒಂದು ಕಂಪನಿಯಲ್ಲಿ ಮಗು, ಇನ್ನೊಂದರಲ್ಲಿ ದೊಡ್ಡವಳು, ಮತ್ತೊಂದರಲ್ಲಿ ಪ್ರಯಾಣಿಕಳೇ ಅಲ್ಲ. ಅಮೆರಿಕದ ಸಾರಿಗೆ ಇಲಾಖೆ ಪೋಷಕರಿಗಾಗಿ ಕೈಪಿಡಿ ಹೊರತಂದಿದೆ. ನಿಯಮ ಮಾಡುವ ಹೊಣೆಯನ್ನು ಕಂಪನಿಗಳಿಗೇ ಬಿಟ್ಟಿದೆ. ಹಾಗಾಗಿ ಈ ಗೆರೆಗಳನ್ನು ಎಳೆದದ್ದು ಮಗುವಿನ ಬುದ್ಧಿ ಬಲಿತದ್ದನ್ನು ನೋಡಿ ಅಲ್ಲ, ಎಷ್ಟು ಹೊಣೆ ಹೊತ್ತರೆ ವ್ಯಾಪಾರ ಕೈ ಕಚ್ಚದು ಎಂಬ ಲೆಕ್ಕದಲ್ಲಿ ಎಂಬ ಅನುಮಾನ ಹೋಗುವುದಿಲ್ಲ.

ಕಾಳಜಿ ದಾರಿ ತಪ್ಪಿದ್ದೂ ಉಂಟು. ಒಂಟಿ ಮಗುವಿನ ಪಕ್ಕ ಗಂಡಸರನ್ನು ಕೂರಿಸಬಾರದು ಎಂಬ ನಿಯಮವನ್ನು ಕೆಲವು ಕಂಪನಿಗಳು ಪಾಲಿಸುತ್ತಿದ್ದವು. 2012ರಲ್ಲಿ ವರ್ಜಿನ್ ಆಸ್ಟ್ರೇಲಿಯಾ ವಿಮಾನದಲ್ಲಿ ಸಿಡ್ನಿಯ ಅಗ್ನಿಶಾಮಕ ಸಿಬ್ಬಂದಿಯೊಬ್ಬರನ್ನು ಹಾಗೆ ಎಬ್ಬಿಸಿದಾಗ ಗಲಾಟೆಯಾಗಿ, ಕಂಪನಿ ತನ್ನ ನೀತಿಯನ್ನು ಮತ್ತೆ ಪರಿಶೀಲಿಸಬೇಕಾಯಿತು. ಮಗುವನ್ನು ಸಿಬ್ಬಂದಿಯ ಕಣ್ಣಳತೆಯಲ್ಲಿ ಕೂರಿಸುವುದು ಖರ್ಚಿನ ಕೆಲಸ. ಪಕ್ಕದವನನ್ನು ಅನುಮಾನಿಸಲು ಕಾಸು ಬೇಕಿಲ್ಲ.

ಇನ್ನು ಸಹಿಗಳ ಸರಪಳಿ. ಅದು ಎಷ್ಟು ಗಟ್ಟಿ ಎಂಬುದು ಆ ಹೊತ್ತಿನಲ್ಲಿ ನಿಂತ ಮನುಷ್ಯನ ಗಮನವನ್ನು ಅವಲಂಬಿಸಿದೆ. 2016ರಲ್ಲಿ ಜೆಟ್‌ಬ್ಲೂ ಸಿಬ್ಬಂದಿ ನ್ಯೂಯಾರ್ಕಿನಲ್ಲಿ ಕಾದಿದ್ದ ತಾಯಿಯ ಮುಂದೆ ಬೇರೊಬ್ಬ ಹುಡುಗನನ್ನು ತಂದು ನಿಲ್ಲಿಸಿದರು. ಆಕೆಯ ಐದು ವರ್ಷದ ಮಗ ಬಾಸ್ಟನ್ನಿನಲ್ಲಿ ಇಳಿದಿದ್ದ. 2023ರ ಡಿಸೆಂಬರಿನಲ್ಲಿ ಸ್ಪಿರಿಟ್ ಕಂಪನಿ ಫಿಲಡೆಲ್ಫಿಯಾದಿಂದ ಫೋರ್ಟ್ ಮೈಯರ್ಸ್‌ಗೆ ಹೋಗಬೇಕಿದ್ದ ಆರು ವರ್ಷದ ಮಗುವನ್ನು ಒರ್ಲ್ಯಾಂಡೊ ವಿಮಾನ ಹತ್ತಿಸಿತ್ತು. ಎರಡೂ ಕಡೆ ನಿಯಮ ಇತ್ತು, ಫಾರಂ ಇತ್ತು. ಮಗುವಿನ ಮುಖವನ್ನೂ ಕಾಗದವನ್ನೂ ಜೊತೆಗಿಟ್ಟು ನೋಡುವ ಕಣ್ಣು ಇರಲಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಫಾರಂನ ಒಳಗೇ ಇದೆ. ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಯಾಟಾದ ಮಾದರಿ ಫಾರಂನಲ್ಲಿ ಪೋಷಕರು ಒಪ್ಪಿ ಸಹಿ ಹಾಕುವ ಷರತ್ತೊಂದಿದೆ: ತಲುಪಿದ ಕಡೆ ಯಾರೂ ಬರದಿದ್ದರೆ ಕಂಪನಿ ತನಗೆ ತೋಚಿದ ಕ್ರಮ ಕೈಗೊಳ್ಳಬಹುದು, ಮಗುವನ್ನು ಹೊರಟಲ್ಲಿಗೇ ವಾಪಸು ಕಳಿಸಲೂಬಹುದು, ಆ ಖರ್ಚನ್ನು ಪೋಷಕರೇ ಕೊಡಬೇಕು. ಪೋಷಕರು ತಪ್ಪಿದರೆ ಏನು ಎಂಬುದು ಹೀಗೆ ಸ್ಪಷ್ಟ. ಕಂಪನಿಯ ವಿಮಾನವೇ ತಪ್ಪಿದರೆ? ಮಂಜು ಕವಿದು ವಿಮಾನ ಬೇರೆ ಊರಿನಲ್ಲಿ ಇಳಿದರೆ ಮಗುವಿಗೆ ಊಟ ಹಾಕುವವರು ಯಾರು, ರಾತ್ರಿ ಜೊತೆಗಿರುವವರು ಯಾರು? ನೇರ ವಿಮಾನಕ್ಕೆ ಮಾತ್ರ ಟಿಕೆಟ್, ದಿನದ ಕೊನೆಯ ಸಂಪರ್ಕ ವಿಮಾನಕ್ಕೆ ಇಲ್ಲ ಎಂಬಂಥ ಕಟ್ಟುಪಾಡುಗಳು ಅಪಾಯವನ್ನು ತಗ್ಗಿಸುತ್ತವೆ, ನಿಜ. ಆದರೆ ಅಪಾಯ ಎದುರಾದಾಗ ಮಾಡಬೇಕಾದ್ದನ್ನು ಅವು ಹೇಳುವುದಿಲ್ಲ.

ಯುರೋಪಿನ 261/2004 ಕಾನೂನು ಇಲ್ಲಿ ಮಾದರಿ. ಒಂಟಿ ಮಕ್ಕಳನ್ನು ಮೊದಲು ಸಾಗಿಸಬೇಕು. ವಿಮಾನ ಎಷ್ಟೇ ತಡವಾಗಲಿ, ರದ್ದಾಗಲಿ, ಅವರಿಗೆ ಆದಷ್ಟು ಬೇಗ ಆರೈಕೆ ಸಿಗಬೇಕು ಎಂದು ಅದರ 11ನೇ ವಿಧಿ ಹೇಳುತ್ತದೆ. ಆರೈಕೆ ಅಲ್ಲಿ ಕಂಪನಿ ತೋರುವ ದಯೆಯಲ್ಲ, ಮಗುವಿನ ಹಕ್ಕು. ಅದೇ ಯುರೋಪಿನಲ್ಲಿ ಅಗ್ಗದ ಕಂಪನಿಗಳು ಒಂಟಿ ಮಕ್ಕಳಿಗೆ ಬಾಗಿಲು ಹಾಕಿರುವುದು ನಿಜವೇ. ಆದರೂ ನಿಭಾಯಿಸಲಾಗದ ಹೊಣೆಯನ್ನು ಹೊತ್ತಂತೆ ನಟಿಸುವುದಕ್ಕಿಂತ ಆಗದು ಎನ್ನುವುದು ಪ್ರಾಮಾಣಿಕ.

ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ 2024ರ ಏಪ್ರಿಲಿನಲ್ಲಿ, ಹನ್ನೆರಡರೊಳಗಿನ ಮಕ್ಕಳಿಗೆ ಜೊತೆಗೆ ಬಂದ ಪೋಷಕರ ಪಕ್ಕದಲ್ಲೇ ಸೀಟು ಕೊಡಬೇಕೆಂದು ಕಂಪನಿಗಳಿಗೆ ಹೇಳಿತು. ಪೋಷಕರು ಪಕ್ಕದಲ್ಲಿರುವ ಮಗುವಿನ ಬಗ್ಗೆ ಅಷ್ಟು ಯೋಚಿಸಿದ ಸಂಸ್ಥೆ, ಯಾರೂ ಇಲ್ಲದ ಮಗುವಿನ ಬಗ್ಗೆಯೂ ಅಷ್ಟೇ ಖಡಕ್ಕಾಗಿ ಮಾತಾಡಬೇಕು. ಐದು ವರ್ಷದ ಮಗುವಿಗೆಂದು ಬೇರೆ ಶುಲ್ಕ ಪಡೆಯುವ ಕಂಪನಿ, ವಿಮಾನ ರದ್ದಾದ ರಾತ್ರಿ ಆ ಮಗು ಎಲ್ಲಿ, ಯಾರ ಜೊತೆ ಇರುತ್ತದೆ ಎಂಬುದನ್ನು ಟಿಕೆಟ್ ಮಾರುವ ಮುಂಚೆಯೇ ಬರೆದುಕೊಡಲಿ. ಆ ಕಾಗದಕ್ಕೆ ಕಂಪನಿಯ ಸಹಿಯೂ ಬೀಳಲಿ.