ಬ್ಲಾಕ್‌ಚೈನ್‌ನಲ್ಲಿ ಕಾಣದ ಕೊಂಡಿ

ಬರೆದವರಿಗೇ ಹಣ, ಬರೆದದ್ದು ಯಾರೂ ಅಳಿಸಲಾಗದಂತೆ ಶಾಶ್ವತ, ನಡುವೆ ಯಾವ ಕಂಪನಿಯ ದರ್ಬಾರೂ ಇಲ್ಲ. ಬ್ಲಾಕ್‌ಚೈನ್ ಆಧಾರಿತ ಸಾಮಾಜಿಕ ತಾಣಗಳು ನೀಡುತ್ತ ಬಂದ ಆಶ್ವಾಸನೆಗಳನ್ನು ಹೀಗೆ ಮೂರು ಮಾತಿನಲ್ಲಿ ಹೇಳಿಬಿಡಬಹುದು. ಇವುಗಳ ಸಮರ್ಥಕರು ಕೆಲವೊಮ್ಮೆ ಇನ್ನೊಂದು ಮಾತನ್ನೂ ಸೇರಿಸುತ್ತಾರೆ: 1960ರ ದಶಕದಲ್ಲಿ ಹೈಪರ್‌ಟೆಕ್ಸ್ಟ್‌ನ ಕನಸು ಕಂಡವರು ಬಯಸಿದ್ದು ಇದನ್ನೇ, ವೆಬ್ ಅದನ್ನು ಅರ್ಧಕ್ಕೆ ಕೈಬಿಟ್ಟಿತು, ಬ್ಲಾಕ್‌ಚೈನ್ ಅದನ್ನು ಪೂರ್ಣಗೊಳಿಸುತ್ತದೆ. ಈ ಕೊನೆಯ ಮಾತು ಎಷ್ಟರಮಟ್ಟಿಗೆ ಸರಿ ಎಂದು ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಇದಕ್ಕಾಗಿ 2016ರಲ್ಲಿ ಆರಂಭವಾದ ಸ್ಟೀಮ್ ಎಂಬ ವ್ಯವಸ್ಥೆಯನ್ನು ಉದಾಹರಣೆಯಾಗಿ ಆರಿಸಿಕೊಂಡಿದ್ದೇನೆ. ಈ ಬಗೆಯ ಪ್ರಯೋಗಗಳಲ್ಲಿ ಮೊದಲ ದೊಡ್ಡ ಪ್ರಯೋಗ ಅದು. ಅದರ ಲೆಕ್ಕಪತ್ರವೆಲ್ಲ ಬಹಿರಂಗವಾಗಿರುವುದರಿಂದ ವಿಮರ್ಶೆಗೂ ಅನುಕೂಲ.

ಮೊದಲು ಆ ಹಳೆಯ ಕನಸು ಏನೆಂದು ನೋಡೋಣ. ಅಮೆರಿಕದ ಇಂಜಿನಿಯರ್ ವೆನ್ನೆವರ್ ಬುಷ್ 1945ರ ಜುಲೈ ತಿಂಗಳ ‘ಅಟ್ಲಾಂಟಿಕ್ ಮಂತ್ಲಿ’ಯಲ್ಲಿ ಮೆಮೆಕ್ಸ್ ಎಂಬ ಕಾಲ್ಪನಿಕ ಯಂತ್ರವನ್ನು ವರ್ಣಿಸಿದ್ದ. ಮೇಜಿನಾಕಾರದ ಯಂತ್ರ, ಒಳಗೆ ಪುಸ್ತಕ, ಪತ್ರ, ಟಿಪ್ಪಣಿಗಳೆಲ್ಲ ಮೈಕ್ರೋಫಿಲ್ಮ್ ರೂಪದಲ್ಲಿ. ಓದುಗ ಒಂದು ಪುಟವನ್ನು ಇನ್ನೊಂದು ಪುಟಕ್ಕೆ ಕಟ್ಟುತ್ತಾ ತನ್ನದೇ ಜಾಡು ನಿರ್ಮಿಸುತ್ತಾನೆ. ಬುಷ್ ಕೊಟ್ಟ ಉದಾಹರಣೆ, ಟರ್ಕಿಯ ಗಿಡ್ಡ ಬಿಲ್ಲನ್ನೂ ಇಂಗ್ಲಿಷರ ಉದ್ದ ಬಿಲ್ಲನ್ನೂ ಹೋಲಿಸಿ ಅಭ್ಯಸಿಸುವವನದು. ಅವನು ಕಟ್ಟಿದ ಜಾಡನ್ನು ವರ್ಷಗಳ ಬಳಿಕ ಮತ್ತೆ ತೆರೆಯಬಹುದು, ಪ್ರತಿ ಮಾಡಿ ಗೆಳೆಯನ ಮೆಮೆಕ್ಸ್‌ಗೆ ಕೊಡಬಹುದು. ಒಂದು ವಿಚಾರ ಎಲ್ಲಿಂದ ಬಂತು, ಯಾವುದರ ಪಕ್ಕ ನಿಂತಿತು ಎಂಬುದು ವಿಚಾರದ ಜೊತೆಗೇ ಉಳಿಯಬೇಕು ಎಂಬುದು ಇಲ್ಲಿನ ಮುಖ್ಯ ಅಂಶ.

ಟೆಡ್ ನೆಲ್ಸನ್ ಈ ಅಂಶವನ್ನೇ ಹಿಡಿದು ಬಹಳ ದೂರ ಹೋದವನು. 1960ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಅವನು ಗಣಕಯಂತ್ರದಲ್ಲಿ ಬರಹಗಳನ್ನು ಹೊಸ ರೀತಿಯಲ್ಲಿ ಇಡುವ ಯೋಚನೆ ಮಾಡಿದ. ‘ಹೈಪರ್‌ಟೆಕ್ಸ್ಟ್’ ಎಂಬ ಶಬ್ದ ಅವನದೇ. 1965ರ ಅವನ ಪ್ರಬಂಧದಲ್ಲಿ ಅದು ಅಚ್ಚಾಯಿತು. ಅವನ ಯೋಜನೆಗೆ ಮುಂದೆ ಕ್ಸನಾಡು ಎಂಬ ಹೆಸರು ಬಂತು. ಅದರಲ್ಲಿ ನಮಗೆ ಮುಖ್ಯವಾದದ್ದು ಟ್ರಾನ್ಸ್‌ಕ್ಲೂಷನ್ ಎಂದು ಅವನು ಕರೆದ ತತ್ವ.

ಒಂದು ಲೇಖನದಲ್ಲಿ ಇನ್ನೊಬ್ಬರ ಬರಹದ ಒಂದು ಭಾಗವನ್ನು ಉಲ್ಲೇಖಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ಇಂದು ನಾವು ಆ ಭಾಗವನ್ನು ಪ್ರತಿ ಮಾಡಿ ಅಂಟಿಸುತ್ತೇವೆ. ಅಂಟಿಸಿದ ಕ್ಷಣದಿಂದ ಅದಕ್ಕೂ ಮೂಲಕ್ಕೂ ಸಂಬಂಧ ಕಡಿಯುತ್ತದೆ. ನೆಲ್ಸನ್‌ನ ವ್ಯವಸ್ಥೆಯಲ್ಲಿ ಪ್ರತಿ ಎಂಬುದೇ ಇಲ್ಲ. ಪ್ರತಿಯೊಂದು ಪಠ್ಯಭಾಗವೂ ಒಮ್ಮೆ ಮಾತ್ರ ಸಂಗ್ರಹವಾಗುತ್ತದೆ, ಅದಕ್ಕೆ ಬದಲಾಗದ ವಿಳಾಸವಿರುತ್ತದೆ. ಲೇಖನವೆಂದರೆ ಇಂಥ ವಿಳಾಸಗಳ ಪಟ್ಟಿ ಮಾತ್ರ. ಓದುವಾಗ ಯಂತ್ರ ಆಯಾ ಭಾಗವನ್ನು ಮೂಲದಿಂದಲೇ ಎಳೆದು ತೋರಿಸುತ್ತದೆ. ಓದುಗ ಬಯಸಿದರೆ ಮೂಲ ಬರಹ ಪಕ್ಕದಲ್ಲೇ ತೆರೆದುಕೊಳ್ಳುತ್ತದೆ. ಕೊಂಡಿಗಳೂ ಎರಡು ದಿಕ್ಕಿನವು. ನನ್ನ ಬರಹವನ್ನು ಯಾರು ಯಾರು ಬಳಸಿದ್ದಾರೆ ಎಂದು ನನಗೂ ಗೊತ್ತಾಗುತ್ತದೆ.

ಹಣದ ಲೆಕ್ಕವೂ ಇದರಿಂದಲೇ ಹುಟ್ಟುತ್ತದೆ. 2000 ಅಕ್ಷರಗಳ ಲೇಖನವೊಂದರಲ್ಲಿ 200 ಅಕ್ಷರ ಬೇರೊಬ್ಬರದು, ಓದುಗ ಅದಕ್ಕೆ 10 ಪೈಸೆ ಕೊಟ್ಟ ಎನ್ನೋಣ. ಆಗ 1 ಪೈಸೆ ತಾನಾಗಿಯೇ ಆ ಇನ್ನೊಬ್ಬರಿಗೆ ಹೋಗುತ್ತದೆ. ಅನುಮತಿ ಕೇಳುವಂತಿಲ್ಲ, ಕದಿಯುವ ಅಗತ್ಯವೂ ಇಲ್ಲ. ಗಮನಿಸಬೇಕಾದದ್ದು ಇಷ್ಟು: ಇಲ್ಲಿ ಹಣವು ಕೊಂಡಿಯ ಹಿಂದೆ ಹೋಗುತ್ತದೆ. ಕೊಂಡಿ ಇಲ್ಲದಿದ್ದರೆ ಹಣ ಯಾರಿಗೆ ಸೇರಬೇಕೆಂಬುದೇ ತಿಳಿಯದು.

ಕ್ಸನಾಡು ಪೂರ್ಣವಾಗಲಿಲ್ಲ ಎಂಬುದನ್ನು ಮರೆಮಾಚಬೇಕಾಗಿಲ್ಲ. 1988ರಿಂದ 1992ರವರೆಗೆ ಆಟೊಡೆಸ್ಕ್ ಕಂಪನಿ ಹಣ ಹೂಡಿದರೂ ಮಾರುಕಟ್ಟೆಗೆ ಬರುವಂಥ ತಂತ್ರಾಂಶ ಹೊರಬರಲಿಲ್ಲ. ಬ್ರೌಸರ್‌ನಲ್ಲಿ ಕೆಲಸ ಮಾಡುವ ಒಂದು ಚಿಕ್ಕ ಮಾದರಿ 2014ರಲ್ಲಿ ಬಿಡುಗಡೆಯಾಯಿತು, ಐದು ದಶಕಗಳಿಗೂ ಮೀರಿದ ಕಾಯುವಿಕೆಯ ನಂತರ! ಆ ಹೊತ್ತಿಗೆ ಟಿಮ್ ಬರ್ನರ್ಸ್-ಲೀ 1989ರಲ್ಲಿ ಸರ್ನ್ ಸಂಸ್ಥೆಯಲ್ಲಿ ಪ್ರಸ್ತಾಪಿಸಿದ ವೆಬ್ ಜಗತ್ತನ್ನೇ ಆವರಿಸಿತ್ತು. ವೆಬ್‌ನ ಕೊಂಡಿ ಒಂದೇ ದಿಕ್ಕಿನದು. ಇದನ್ನು ಅಜ್ಞಾನದಿಂದಾದ ಲೋಪವೆಂದು ತಿಳಿಯಬಾರದು. ಎರಡು ದಿಕ್ಕಿನ ಕೊಂಡಿಗೆ ಎರಡೂ ತುದಿಯ ಗಣಕಗಳು ಪರಸ್ಪರ ಲೆಕ್ಕ ಇಟ್ಟುಕೊಳ್ಳಬೇಕು. ಒಂದೇ ದಿಕ್ಕಿನದಾದರೆ ಯಾರ ಅನುಮತಿಯೂ ಬೇಡ, ಯಾರಿಗೂ ತಿಳಿಸುವುದೂ ಬೇಡ. ವೆಬ್ ಅಷ್ಟು ವೇಗವಾಗಿ ಬೆಳೆದದ್ದು ಈ ಸಡಿಲಿಕೆಯಿಂದಲೇ. ಇದಕ್ಕೆ ತೆತ್ತ ಬೆಲೆ ನಮಗೆಲ್ಲ ಪರಿಚಿತ: ಪುಟ ಸಿಗುತ್ತಿಲ್ಲ ಎಂಬ 404 ಸಂದೇಶ. ಅದೇ ಎಚ್‌ಟಿಟಿಪಿ ಪಟ್ಟಿಯಲ್ಲಿ 402 ಎಂಬ ಸಂಖ್ಯೆಯನ್ನು ‘ಹಣ ಪಾವತಿಸಿ’ ಎಂಬ ಸಂದೇಶಕ್ಕೆ ಕಾದಿರಿಸಲಾಗಿದೆ. 404 ಮನೆಮಾತಾಯಿತು, 402 ಬಹುಮಟ್ಟಿಗೆ ಖಾಲಿ ಕುರ್ಚಿಯಾಗಿಯೇ ಉಳಿಯಿತು.

ಈ ಖಾಲಿ ಕುರ್ಚಿಯಲ್ಲಿ ಕೂರಲು ಬಂದದ್ದು ಸ್ಟೀಮ್. 2016ರ ಮಾರ್ಚ್‌ನಲ್ಲಿ ನೆಡ್ ಸ್ಕಾಟ್ ಮತ್ತು ಡ್ಯಾನ್ ಲಾರಿಮರ್ ಇದನ್ನು ಆರಂಭಿಸಿದರು. ಪ್ರತಿ 3 ಸೆಕೆಂಡಿಗೊಂದು ಹೊಸ ಬ್ಲಾಕ್ ಸರಪಳಿಗೆ ಸೇರುತ್ತದೆ. ಲೇಖನಗಳ ಪಠ್ಯ, ಪ್ರತಿಕ್ರಿಯೆಗಳು, ಮತಗಳು ಎಲ್ಲವೂ ಆ ಬ್ಲಾಕ್‌ಗಳಲ್ಲೇ ದಾಖಲಾಗುತ್ತವೆ. ಚಿತ್ರಗಳು ಮಾತ್ರ ಹೊರಗಿರುತ್ತವೆ. ಪ್ರತಿಯೊಂದು ಬ್ಲಾಕ್ ಹಿಂದಿನ ಬ್ಲಾಕ್‌ನ ಹ್ಯಾಶ್ ಅನ್ನು ಒಳಗೊಂಡಿರುತ್ತದೆ. ಹ್ಯಾಶ್ ಎಂದರೆ ಯಾವುದೇ ಕಡತದಿಂದ ಗಣಿತಸೂತ್ರದ ಮೂಲಕ ಪಡೆಯುವ, ನಿಗದಿತ ಉದ್ದದ ಒಂದು ಬೆರಳಚ್ಚು. ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಬೆರಳಚ್ಚು ಪೂರ್ತಿ ಬೇರೆಯಾಗುತ್ತದೆ. ಆದ್ದರಿಂದ ಹಳೆಯ ದಾಖಲೆಯನ್ನು ಸದ್ದಿಲ್ಲದೆ ತಿದ್ದುವುದು ಅಸಾಧ್ಯ. ಲೇಖಕ ತನ್ನ ಲೇಖನವನ್ನು ತಿದ್ದಿದರೆ ಆ ತಿದ್ದುಪಡಿ ಹೊಸ ದಾಖಲೆಯಾಗಿ ಸೇರುತ್ತದೆ, ಹಳೆಯದೂ ಸರಪಳಿಯಲ್ಲಿ ಹಾಗೆಯೇ ಇರುತ್ತದೆ. ಈ ಒಂದು ವಿಷಯದಲ್ಲಿ ಸ್ಟೀಮ್ ನೆಲ್ಸನ್‌ಗೆ ನಿಜವಾಗಿಯೂ ಹತ್ತಿರ ಬಂದಿತ್ತು. ಆದರೆ ಓದುಗನಿಗೆ ತಾಣ ತೋರಿಸುತ್ತಿದ್ದುದು ಕೊನೆಯ ರೂಪವನ್ನು ಮಾತ್ರ.

ಹಣದ ವಿಷಯಕ್ಕೆ ಬಂದಾಗ ದಾರಿ ಬೇರೆಯಾಯಿತು. ಸಣ್ಣ ಪಾವತಿಗಳು ನಡೆಯುವುದಿಲ್ಲ ಎಂಬುದು ಸ್ಟೀಮ್‌ನ ಶ್ವೇತಪತ್ರದ ವಾದ. ಅರ್ಧ ಪೈಸೆಯನ್ನಾದರೂ ಕೊಡಬೇಕೇ ಬೇಡವೇ ಎಂದು ನಿರ್ಧರಿಸುವ ಮಾನಸಿಕ ಶ್ರಮವೇ ಆ ಅರ್ಧ ಪೈಸೆಗಿಂತ ದುಬಾರಿ. ಇದು ಹುರುಳಿಲ್ಲದ ವಾದವಲ್ಲ. ನಿಕ್ ಸಾಬೊ 1990ರ ದಶಕದಲ್ಲೇ ಇದನ್ನು ವಿವರವಾಗಿ ಮಂಡಿಸಿದ್ದ. ಹಾಗಾಗಿ ಸ್ಟೀಮ್‌ನಲ್ಲಿ ಓದುಗ ಹಣ ಕೊಡುವುದಿಲ್ಲ, ಮತ ಕೊಡುತ್ತಾನೆ. ವ್ಯವಸ್ಥೆ ಹೊಸದಾಗಿ ಟಂಕಿಸಿದ ಟೋಕನ್‌ಗಳು ಆ ಮತಗಳಿಗೆ ಅನುಗುಣವಾಗಿ ಲೇಖಕರಿಗೆ ಹಂಚಿಕೆಯಾಗುತ್ತವೆ. ಒಬ್ಬನ ಮತದ ತೂಕ ಅವನು ವ್ಯವಸ್ಥೆಯಲ್ಲಿ ಕಟ್ಟಿಹಾಕಿದ ಟೋಕನ್‌ಗಳಷ್ಟು. ಇದರಿಂದ ದುರುಪಯೋಗ ಆಗದೇ ಎಂಬ ಪ್ರಶ್ನೆಗೆ ಶ್ವೇತಪತ್ರ ಬುಟ್ಟಿಯೊಳಗಿನ ಏಡಿಗಳ ಕಥೆಯನ್ನು ಹೇಳುತ್ತದೆ: ಒಂದು ಏಡಿ ಹತ್ತಲು ಹೊರಟರೆ ಉಳಿದವು ಕಾಲು ಹಿಡಿದು ಎಳೆಯುತ್ತವೆ, ಆದ್ದರಿಂದ ಬುಟ್ಟಿಗೆ ಮುಚ್ಚಳ ಬೇಡ. ನಮ್ಮಲ್ಲಿ ಈ ಕಥೆಯನ್ನು ಭಾಷಣಕಾರರು ಸಂಘಸಂಸ್ಥೆಗಳ ಒಳಜಗಳವನ್ನು ಹಳಿಯಲು ಬಳಸುತ್ತಾರೆ. ಅದನ್ನೇ ಒಂದು ಅರ್ಥವ್ಯವಸ್ಥೆಯ ಅಡಿಗಲ್ಲಾಗಿ ಮಾಡಿಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆರಂಭದಲ್ಲಿ ಪುರಸ್ಕಾರ ಒಟ್ಟು ಮತತೂಕದ ವರ್ಗಕ್ಕೆ ಅನುಪಾತವಾಗಿತ್ತು. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು. ಒಂದು ಲೇಖನಕ್ಕೆ ಒಬ್ಬ ಧನಿಕನ 1000 ಘಟಕ ತೂಕದ ಮತ ಬಿದ್ದಿದೆ. ಇನ್ನೊಂದಕ್ಕೆ ತಲಾ 10 ಘಟಕದ ಹತ್ತು ಜನರ ಮತ, ಅಂದರೆ ಒಟ್ಟು 100. ತೂಕದಲ್ಲಿ ಹತ್ತು ಪಟ್ಟು ವ್ಯತ್ಯಾಸ, ಪುರಸ್ಕಾರದಲ್ಲಿ ನೂರು ಪಟ್ಟು. 2017ರ ಜೂನ್‌ನಲ್ಲಿ ಇದನ್ನು ಸರಳ ಅನುಪಾತಕ್ಕೆ ಇಳಿಸಿದರು. ಅದರ ಬೆನ್ನಲ್ಲೇ ಮತ ಮಾರುವ ಬಾಟ್‌ಗಳ ವ್ಯಾಪಾರ ಬೆಳೆಯಿತು. ಬಾಟ್‌ಗೆ ಇಷ್ಟು ಟೋಕನ್ ಕಳಿಸಿದರೆ ಅದಕ್ಕೆ ಪ್ರತಿಯಾಗಿ ಇಷ್ಟು ತೂಕದ ಮತ! ಲೇಖನವನ್ನು ಯಾರೂ ಓದಬೇಕಾಗಿರಲಿಲ್ಲ. ಸೂತ್ರ ಯಾವುದೇ ಇರಲಿ, ಅದು ಅಳೆಯುತ್ತಿದ್ದುದು ಬರಹವನ್ನಲ್ಲ, ಮತ ಹಾಕಿದವನ ಆಸ್ತಿಯನ್ನು.

ಹಾಗಾದರೆ ಕೊಂಡಿ ಏನಾಯಿತು? ಸ್ಟೀಮ್ ಲೇಖನದೊಳಗಿನ ಕೊಂಡಿ ವೆಬ್‌ನ ಅದೇ ಹಳೆಯ ಒಂದು ದಿಕ್ಕಿನ ಕೊಂಡಿ. ಅದು ಸಾಮಾನ್ಯವಾಗಿ ಸೂಚಿಸುವುದು ಒಂದು ಜಾಲತಾಣದ ವಿಳಾಸವನ್ನು, ಸರಪಳಿಯಲ್ಲಿನ ದಾಖಲೆಯನ್ನಲ್ಲ. ತಾಣ ಮುಚ್ಚಿದರೆ ದಾಖಲೆ ಉಳಿದಿದ್ದರೂ ಕೊಂಡಿ ಸತ್ತಂತೆಯೇ. ಉಲ್ಲೇಖ ಮಾಡುವುದೂ ಪ್ರತಿ ಮಾಡಿ ಅಂಟಿಸುವ ಮೂಲಕವೇ. ಅಂಟಿಸಿದ ಪಠ್ಯಕ್ಕೆ ಬಂದ ಮತದ ಹಣ ಅಂಟಿಸಿದವನಿಗೆ. ಕೃತಿಚೌರ್ಯಕ್ಕೆ ಇದು ಕೈಬೀಸಿ ಕರೆದ ಹಾಗಾಯಿತು. ಅದನ್ನು ತಡೆಯಲು ಸದಸ್ಯರೇ ಸ್ವಯಂಸೇವಕರಾಗಿ ನಿಂತರು. ಚೀತಾ ಎಂಬ ಬಾಟ್ ಹೊಸ ಲೇಖನಗಳನ್ನು ಅಂತರಜಾಲದಲ್ಲಿ ಹುಡುಕಿ, ಇಂಥದೇ ಬರಹ ಬೇರೆಡೆ ಇದೆ ಎಂದು ಅಡಿಯಲ್ಲಿ ಟಿಪ್ಪಣಿ ಹಾಕುತ್ತಿತ್ತು. ಸರಪಳಿಯ ಪ್ರತಿಯೊಂದು ಪೈಸೆಯ ಮೂಲವನ್ನೂ ಬೆರಳಿಟ್ಟು ತೋರಿಸಬಲ್ಲ ವ್ಯವಸ್ಥೆ, ಒಂದು ವಾಕ್ಯದ ಮೂಲ ತಿಳಿಯಲು ಹೊರಗಿನ ಶೋಧಯಂತ್ರವನ್ನು ಅವಲಂಬಿಸಬೇಕಾಯಿತು.

ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ. ಲೇಖಕ ತನ್ನ ಪುರಸ್ಕಾರದ ಶೇಕಡಾ ಇಷ್ಟು ಇಂಥ ಖಾತೆಗೆ ಹೋಗಲಿ ಎಂದು ನಮೂದಿಸುವ ಸೌಲಭ್ಯವನ್ನು ಸ್ಟೀಮ್ ಮುಂದೆ ಸೇರಿಸಿಕೊಂಡಿತು. ನೆಲ್ಸನ್‌ನ 1 ಪೈಸೆ ಲೆಕ್ಕಕ್ಕೆ ಇದಕ್ಕಿಂತ ಹತ್ತಿರದ ಸಾಧನ ಅಲ್ಲಿ ಇನ್ನೊಂದಿರಲಿಲ್ಲ. ಉಲ್ಲೇಖಿಸಿದ ಭಾಗದ ಉದ್ದಕ್ಕೆ ಅನುಗುಣವಾಗಿ ಅದು ತಾನಾಗಿಯೇ ಕೆಲಸ ಮಾಡುವಂತೆ ರೂಪಿಸಿದ್ದರೆ ಸಮರ್ಥಕರ ಮಾತಿಗೆ ಬೆಲೆ ಬರುತ್ತಿತ್ತು. ಹಾಗಾಗಲಿಲ್ಲ, ಲೇಖನ ಪ್ರಕಟಿಸುವ ಆ್ಯಪ್‌ಗಳು ತಮ್ಮ ಕಮಿಷನ್ ಪಡೆಯಲು ಅದನ್ನು ಬಳಸಿಕೊಂಡವು.

ಯಾರ ದರ್ಬಾರೂ ಇಲ್ಲ ಎಂಬ ಆಶ್ವಾಸನೆಯ ಕಥೆಯನ್ನೂ ನೋಡಬೇಕು, ಏಕೆಂದರೆ ಕೊಂಡಿಯ ಪ್ರಶ್ನೆ ಮತ್ತೆ ಎದುರಾಗುವುದು ಅಲ್ಲಿಯೇ. ಸ್ಟೀಮ್‌ನಲ್ಲಿ ಬ್ಲಾಕ್ ರಚಿಸುವವರನ್ನು ಸಾಕ್ಷಿಗಳೆಂದು ಕರೆಯುತ್ತಾರೆ. ಮತದಾನದಲ್ಲಿ ಮೊದಲ 20 ಸ್ಥಾನ ಪಡೆದವರ ಕೈಯಲ್ಲಿ ಅಧಿಕಾರ. ನಿಯಮ ಬದಲಾಯಿಸಲು ಅವರಲ್ಲಿ 17 ಜನ ಒಪ್ಪಬೇಕು. ಆದರೆ ಪ್ರತಿ ಖಾತೆಯೂ 30 ಜನರಿಗೆ ಮತ ಹಾಕಬಹುದು, ಅದೂ ಪ್ರತಿಯೊಬ್ಬರಿಗೂ ತನ್ನ ಪೂರ್ಣ ತೂಕದೊಂದಿಗೆ. ಇದರ ಪರಿಣಾಮ ಸ್ಪಷ್ಟ. ಯಾರ ತೂಕ ಎದುರಾಳಿಗಿಂತ ಸ್ವಲ್ಪವೇ ಹೆಚ್ಚಿದ್ದರೂ ಇಪ್ಪತ್ತಕ್ಕೆ ಇಪ್ಪತ್ತೂ ಸ್ಥಾನ ಅವರದೇ.

2020ರ ಫೆಬ್ರವರಿಯಲ್ಲಿ ಟ್ರಾನ್ ಸಂಸ್ಥಾಪಕ ಜಸ್ಟಿನ್ ಸನ್, ಸ್ಟೀಮ್‌ನ ಮೂಲ ಕಂಪನಿ ಸ್ಟೀಮಿಟ್ ಅನ್ನು ಕೊಂಡುಕೊಂಡ. ಅದರೊಂದಿಗೆ ಆರಂಭದಿಂದ ಕಂಪನಿಯ ಬಳಿಯಿದ್ದ ಭಾರಿ ಟೋಕನ್ ರಾಶಿಯೂ ಅವನ ಕೈ ಸೇರಿತು. ಸಾಕ್ಷಿಗಳು ಗಾಬರಿಯಾಗಿ ಆ ಟೋಕನ್‌ಗಳು ಮತ ಹಾಕದಂತೆ ತಂತ್ರಾಂಶದಲ್ಲಿ ತಡೆಯೊಡ್ಡಿದರು. ಮಾರ್ಚ್ 2ರಂದು ಬೈನಾನ್ಸ್, ಹುವೊಬಿ, ಪೊಲೊನಿಯೆಕ್ಸ್ ವಿನಿಮಯ ಕೇಂದ್ರಗಳಲ್ಲಿ ಗ್ರಾಹಕರು ಇಟ್ಟಿದ್ದ ಟೋಕನ್‌ಗಳ ಮತಗಳೂ ಸೇರಿ ಎಲ್ಲ ಸಾಕ್ಷಿಗಳೂ ಪದಚ್ಯುತರಾದರು. ಮತ ಹಾಕಲೆಂದು ಕಟ್ಟಿಹಾಕಿದ ಟೋಕನ್‌ಗಳನ್ನು ಪೂರ್ತಿ ಬಿಡಿಸಿಕೊಳ್ಳಲು ಆಗ 13 ವಾರ ಬೇಕಿತ್ತು. ವಿನಿಮಯ ಕೇಂದ್ರಗಳು ಬಳಿಕ ಹಿಂದೆ ಸರಿದವು. ಮಾರ್ಚ್ 20ರಂದು ಸದಸ್ಯರ ದೊಡ್ಡ ಗುಂಪು ಇಡೀ ಸರಪಳಿಯನ್ನು ಪ್ರತಿ ಮಾಡಿಕೊಂಡು, ಕಂಪನಿಯ ಟೋಕನ್‌ಗಳನ್ನು ಹೊರಗಿಟ್ಟು, ಹೈವ್ ಎಂಬ ಹೆಸರಿನಲ್ಲಿ ಬೇರೆಯಾಯಿತು. ಅದೇ ಮೇ ತಿಂಗಳಲ್ಲಿ ಹಳೆಯ ಸ್ಟೀಮ್ ನಿಯಮ ಬದಲಿಸಿ ಕೆಲವು ವಿರೋಧಿಗಳ ಖಾತೆಯಿಂದ ಎರಡು ಕೋಟಿಗೂ ಹೆಚ್ಚು ಟೋಕನ್‌ಗಳನ್ನು ಕಿತ್ತುಕೊಂಡಿತು. ಎರಡೂ ಪಕ್ಷದವರು ತಮ್ಮ ಕೃತ್ಯವನ್ನು ಆತ್ಮರಕ್ಷಣೆಯೆಂದೇ ಕರೆದುಕೊಂಡರು. ಆದರೆ ‘ಯಾರೂ ಮುಟ್ಟಲಾರರು’ ಎಂದು ಹೇಳಲಾಗಿದ್ದ ಲೆಕ್ಕವನ್ನು ಎರಡೂ ಕಡೆಯವರು ಮುಟ್ಟಿದ್ದರು.

ಇದೆಲ್ಲದರಿಂದ ಬ್ಲಾಕ್‌ಚೈನ್‌ನ ಮೂಲ ತಂತ್ರವೇ ನಿಷ್ಪ್ರಯೋಜಕ ಎಂದು ನಾನು ಹೇಳುತ್ತಿಲ್ಲ. ಹೇಬರ್ ಮತ್ತು ಸ್ಟೋರ್ನೆಟ್ಟಾ 1991ರಲ್ಲೇ ದಾಖಲೆಗಳಿಗೆ ಕಾಲಮುದ್ರೆ ಒತ್ತಲು ಹ್ಯಾಶ್‌ಗಳ ಸರಪಳಿಯನ್ನು ಸೂಚಿಸಿದ್ದರು. ಅವರ ಸಂಸ್ಥೆ 1995ರಿಂದ ಅಂಥ ಹ್ಯಾಶ್ ಅನ್ನು ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ವಾರವಾರ ಜಾಹೀರಾತಾಗಿ ಅಚ್ಚು ಹಾಕಿಸುತ್ತ ಬಂತು. ಈ ಬರಹ ಈ ದಿನದಂದು ಹೀಗೇ ಇತ್ತು ಎಂದು ಸಾಧಿಸಲು ಅಷ್ಟು ಸಾಕು, ಟೋಕನ್ ಬೇಕಿಲ್ಲ. ಎರಡು ದಿಕ್ಕಿನ ಕೊಂಡಿಗೂ ಟೋಕನ್ ಬೇಕಿಲ್ಲ. ಕನ್ನಡ ವಿಕಿಪೀಡಿಯದ ಯಾವುದೇ ಪುಟದಿಂದ, ಅಲ್ಲಿಗೆ ಕೊಂಡಿ ಕೊಟ್ಟ ಇತರ ಪುಟಗಳ ಪಟ್ಟಿಯನ್ನು ಒಂದು ಕ್ಲಿಕ್‌ನಲ್ಲಿ ಪಡೆಯಬಹುದು. ಒಂದೇ ದತ್ತಸಂಚಯದೊಳಗೆ ಇದು ಸುಲಭ. ಬೇರೆ ಬೇರೆ ತಾಣಗಳ ನಡುವೆಯೂ ಕೊಂಡಿ ಕೊಟ್ಟದ್ದನ್ನು ತಿಳಿಸುವ ವೆಬ್‌ಮೆನ್ಷನ್ ಎಂಬ ವಿಧಾನವನ್ನು ಡಬ್ಲ್ಯು3ಸಿ 2017ರ ಜನವರಿಯಲ್ಲಿ ಶಿಫಾರಸು ಮಾಡಿತು.

2020ರ ಮಾರ್ಚ್ 20ಕ್ಕೆ ಮೊದಲು ಸ್ಟೀಮ್‌ನಲ್ಲಿ ಬರೆದ ಪ್ರತಿಯೊಂದು ಲೇಖನವೂ ಈಗ ಎರಡು ಸರಪಳಿಗಳಲ್ಲಿದೆ: ಅದೇ ಲೇಖಕನ ಹೆಸರು, ಅದೇ ಶೀರ್ಷಿಕೆ, ಅದೇ ಪಠ್ಯ. ಆ ದಿನದ ನಂತರ ಲೇಖಕ ಒಂದು ಕಡೆ ತಪ್ಪು ತಿದ್ದಿದ್ದರೆ ಇನ್ನೊಂದು ಕಡೆ ಅದು ಹಾಗೆಯೇ ಉಳಿದಿರುತ್ತದೆ. ಎರಡೂ ದಾಖಲೆಗಳು ಗಣಿತದ ದೃಷ್ಟಿಯಿಂದ ಪೂರ್ತಿ ಸಾಚಾ. ಒಂದನ್ನು ಓದುತ್ತಿರುವವನಿಗೆ ಇನ್ನೊಂದು ಇದೆಯೆಂದು ಹೇಳುವ ಗುರುತು ಮಾತ್ರ ಎರಡರಲ್ಲೂ ಇಲ್ಲ.