ಮೇಲೆ ದುಡ್ಡು ಹಾಕಿ ಏರುವ ಗಿಟಾರ್

2015ರ ಮೇ 1ರಂದು ತೆರೆದ ಬೆಂಗಳೂರಿನ ನಾಗಸಂದ್ರ ಮೆಟ್ರೋ ನಿಲ್ದಾಣ, 2024ರ ನವೆಂಬರಿನಲ್ಲಿ ಹಳಿ ಮಾದಾವರಕ್ಕೆ ಮುಂದುವರಿಯುವ ತನಕ ಹಸಿರು ಮಾರ್ಗದ ಉತ್ತರದ ಕೊನೆಯಾಗಿತ್ತು. ಕೊನೆಯ ನಿಲ್ದಾಣಕ್ಕೆ ಒಂದು ಅನುಕೂಲ ಇತ್ತು. "ಇಳಿದು ಮೆಟ್ಟಿಲ ಹತ್ರ ನಿಂತಿರಿ ಗುರು" ಎಂದರೆ ಸಾಕಿತ್ತು, ಹುಡುಕಾಟವಿರಲಿಲ್ಲ. ಈಗಲೂ ಪೀಣ್ಯದ ಶಿಫ್ಟು ಮುಗಿಸಿ ಬರುವವರು, ಐಕಿಯಾದ ಹಳದಿ ನೀಲಿ ಚೀಲ ಹೊತ್ತವರು, ಇವರ ನಡುವೆ ಇಬ್ಬರು ಕಪ್ಪು ಬ್ಯಾಗಿನ ಜಿಪ್ಪು ಎಳೆದು ಒಳಗೆ ಇಣುಕುತ್ತಿದ್ದರೆ ಅಲ್ಲೊಂದು ಗಿಟಾರ್ ಕೈ ಬದಲಿಸುತ್ತಿದೆ ಎಂದು ತಿಳಿಯಬಹುದು. ಹಳೆಯದನ್ನು ಕೊಟ್ಟು, ಮೇಲೆ ಒಂದಿಷ್ಟು ದುಡ್ಡು ಹಾಕಿ, ಅದಕ್ಕಿಂತ ಒಂದು ದರ್ಜೆ ಮೇಲಿನದನ್ನು ಪಡೆಯುವುದು. ಹೀಗೇ ಏರುತ್ತ ಕನಸಿನ ಗಿಟಾರ್ ಮುಟ್ಟುವುದು. ಈ ರೂಢಿಯನ್ನು ಸಂಗೀತದ ಲೆಕ್ಕದಲ್ಲೂ ದುಡ್ಡಿನ ಲೆಕ್ಕದಲ್ಲೂ ತೂಗಿ ನೋಡಬೇಕೆನ್ನಿಸಿದೆ.

ಕನಸು ಹುಟ್ಟುವ ಜಾಗ ದೂರವೇನಿಲ್ಲ. 2007ರ ಮಾರ್ಚಿನಲ್ಲಿ ಐರನ್ ಮೇಡನ್, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ನುಡಿಸಿದ್ದು ಇದೇ ಊರಿನ ಅರಮನೆ ಮೈದಾನದಲ್ಲಿ. ಅಲ್ಲಿ ಧೂಳು ಕುಡಿದು ಬಂದವನಿಗೆ ಮನೆಯ ಮೂಲೆಯಲ್ಲಿದ್ದ ಗಿಟಾರ್ ಮರುದಿನ ಬೆಳಿಗ್ಗೆ ಸಣ್ಣದಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಅದಕ್ಕೂ ಹಿಂದಿನ ತಲೆಮಾರು ಕೋಲ್ಕತ್ತಾದ ಗಿವ್ಸನ್, ಹಾಬ್ನರ್‌ಗಳಲ್ಲಿ ಬೆರಳು ಸವೆಸಿತ್ತು. ಗಿಬ್ಸನ್ ಅಲ್ಲ, ಗಿವ್ಸನ್. ಹಾಫ್ನರ್ ಅಲ್ಲ, ಹಾಬ್ನರ್. ತಂತಿ ಮತ್ತು ಫ್ರೆಟ್‌ಗಳ ನಡುವೆ ಪೆನ್ಸಿಲ್ ತೂರುವಷ್ಟು ಎತ್ತರ ಇದ್ದರೂ ಅದರಲ್ಲೇ ಕಲಿತರು. ಈಗಿನವರ ಮೊದಲ ಮೆಟ್ಟಿಲು ಸಾಮಾನ್ಯವಾಗಿ ಯಮಹಾ ಎಫ್310. ಆಮೇಲೆ ಎಲೆಕ್ಟ್ರಿಕ್ಕಿಗೆ ಹೊರಳಿದರೆ ಸ್ಕ್ವಯರ್ ಇಲ್ಲವೇ ಎಪಿಫೋನ್, ಅಲ್ಲಿಂದ ಮೆಕ್ಸಿಕೋದಲ್ಲಿ ಮಾಡಿದ ಫೆಂಡರ್, ಕೊನೆಗೆ ಅಮೆರಿಕದ ಸ್ಟ್ರಾಟೊಕಾಸ್ಟರ್ ಅಥವಾ ಗಿಬ್ಸನ್ ಲೆಸ್ ಪಾಲ್.

ಈ ಏಣಿಯನ್ನು ಹಾಕಿಟ್ಟವರು ಯಾರು? ಕಂಪನಿಗಳೇ. ಎಪಿಫೋನ್ 1957ರಲ್ಲಿ ಗಿಬ್ಸನ್ ಪಾಲಾಯಿತು. 1965ರಲ್ಲಿ ಕೊಂಡ ಸ್ಕ್ವಯರ್ ಹೆಸರನ್ನು ಫೆಂಡರ್ 1982ರಲ್ಲಿ ಅಗ್ಗದ ಗಿಟಾರುಗಳ ಮೇಲೆ ಅಚ್ಚು ಹಾಕಿತು. 1987ರಲ್ಲಿ ಮೆಕ್ಸಿಕೋದ ಎನ್ಸೆನಾಡಾದಲ್ಲಿ ಕಾರ್ಖಾನೆ ತೆರೆದು ನಡುವಿನ ಮೆಟ್ಟಿಲನ್ನೂ ಕೂರಿಸಿತು. ಹುಡುಗ ತನ್ನದೆಂದುಕೊಂಡ ಕನಸು ಬಹುಮಟ್ಟಿಗೆ ಬೇರೆಯವರ ದರಪಟ್ಟಿ. ಆ ಪಟ್ಟಿಗೆ ತುದಿಯೂ ಇಲ್ಲ. ಲೆಸ್ ಪಾಲ್ ಸಿಕ್ಕಿದ ಮೇಲೆ 1959ರ ಲೆಸ್ ಪಾಲ್‌ನ ಪಡಿಯಚ್ಚು ಕರೆಯುತ್ತದೆ.

ಆದರೂ ಈ ರೂಢಿಯನ್ನು ಬರೀ ಕೊಳ್ಳುಬಾಕತನ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಅಂಗಡಿಯಲ್ಲಿ ಹತ್ತು ನಿಮಿಷ ನುಡಿಸಿ ಕೊಂಡವನಿಗೂ, ನಾಲ್ಕು ಗಿಟಾರುಗಳನ್ನು ಒಂದೊಂದಾಗಿ ಮನೆಯಲ್ಲಿಟ್ಟು ಬಾಳಿಸಿದವನಿಗೂ ಕಿವಿಯಲ್ಲೇ ವ್ಯತ್ಯಾಸ. ಸಿಂಗಲ್ ಕಾಯಿಲ್ ಪಿಕಪ್ಪಿನ ಗಾಜಿನಂಥ ಚುರುಕು, ಹಂಬಕರ್‌ನ ದಪ್ಪ ದನಿ, ಕತ್ತಿನ ಅಗಲ ಎರಡು ಮಿಲಿಮೀಟರ್ ಹೆಚ್ಚಾದರೆ ಬ್ಯಾರೆ ಕಾರ್ಡ್ ಹಿಡಿಯುವ ಬೆರಳಿಗೆ ಏನಾಗುತ್ತದೆ ಎಂಬುದು, ಇವೆಲ್ಲ ಕೈಗೆ ಬರುವುದು ಬಳಸಿ ಬಿಟ್ಟುಕೊಟ್ಟಾಗ. ಮೂರನೇ ಗಿಟಾರಿನ ಹೊತ್ತಿಗೆ ಎಷ್ಟೋ ಮಂದಿಗೆ ಮೊದಲಿನ ಕನಸೇ ತಪ್ಪು ಎಂದು ಗೊತ್ತಾಗುತ್ತದೆ. ಲೆಸ್ ಪಾಲ್ ಬೇಕೆಂದು ಹೊರಟವನು ಅದರ ಭಾರಕ್ಕೆ ಹೆಗಲು ನೊಂದು ಸ್ಟ್ರಾಟ್‌ಗೆ ನೆಲೆಯಾದರೆ ಅದು ಲಾಭವೇ.

ದುಡ್ಡಿನ ಲೆಕ್ಕ ಹೀಗೆ ಹಿಡಿಯೋಣ. 10,000ಕ್ಕೆ ಕೊಂಡ ಹೊಸ ಗಿಟಾರ್ 6,000ಕ್ಕೆ ಹೋಯಿತು, 30,000ದ್ದು 20,000ಕ್ಕೆ, 80,000ದ್ದು 60,000ಕ್ಕೆ. ಮೂರು ಮೆಟ್ಟಿಲಲ್ಲಿ 34,000 ಕರಗಿತು. ಕನಸಿನ ಗಿಟಾರಿಗೆಂದು ಡಬ್ಬಿಯಲ್ಲಿ ಹಾಕಿಟ್ಟಿದ್ದರೆ ಉಳಿಯುತ್ತಿದ್ದ ಹಣ ಅದು. ಆದರೆ ಪ್ರತಿ ಮೆಟ್ಟಿಲಲ್ಲೂ ಸೆಕೆಂಡ್ ಹ್ಯಾಂಡ್ ಕೊಂಡರೆ ಚಿತ್ರ ಬದಲಾಗುತ್ತದೆ. ಬೆಲೆ ದೊಡ್ಡದಾಗಿ ಕುಸಿಯುವುದು ಮೊದಲ ಮಾಲೀಕನ ಕೈಯಲ್ಲಿ. ಎರಡನೆಯವನು ಕೊಂಡ ಬೆಲೆಯ ಆಸುಪಾಸಿಗೇ ಮಾರಬಲ್ಲ. ಮೆಟ್ಟಿಲ ಬಳಿ ನಿಂತ ಆ ಇಬ್ಬರ ಜಾಣತನ ಇರುವುದು ಇಲ್ಲೇ. ಇನ್ನು ಅಸಲಿ ನಕಲಿಯ ಭಯ. ಗಿಬ್ಸನ್ ಎಂದು ತೋರಿಸಿದರೆ ತಲೆಯ ಮೇಲಿನ ಟ್ರಸ್ ರಾಡ್ ಮುಚ್ಚಳ ನೋಡಿ. ಅಸಲಿಗೆ ಸಾಮಾನ್ಯವಾಗಿ ಎರಡು ಸ್ಕ್ರೂ, ಚೀನಾ ನಕಲಿಗೆ ಮೂರು.

2005ರಲ್ಲಿ ಕೆನಡಾದ ಕೈಲ್ ಮ್ಯಾಕ್‌ಡೊನಾಲ್ಡ್ ಎಂಬಾತ ಕೆಂಪು ಪೇಪರ್ ಕ್ಲಿಪ್ಪಿನಿಂದ ಶುರುಮಾಡಿ ಹದಿನಾಲ್ಕು ವಿನಿಮಯಗಳಲ್ಲಿ ಒಂದು ಮನೆಯನ್ನೇ ಪಡೆದದ್ದನ್ನು ಈ ವ್ಯವಹಾರದ ಅಭಿಮಾನಿಗಳು ಉದಾಹರಿಸುತ್ತಾರೆ. ಆ ಹೋಲಿಕೆ ನಿಲ್ಲುವುದಿಲ್ಲ. ಅಲ್ಲಿ ಎದುರಿನವರು ಹೆಚ್ಚು ಕೊಟ್ಟದ್ದು ಸುದ್ದಿಯ ಪಾಲುದಾರರಾಗುವ ಆಸೆಗೆ. ನಾಗಸಂದ್ರದಲ್ಲಿ ಯಾರೂ ಸುದ್ದಿಗಾಗಿ ಸ್ಟ್ರಾಟ್ ಬಿಟ್ಟುಕೊಡುವುದಿಲ್ಲ. ನಡುವಿನ ಅಂತರವನ್ನು ಸಂಬಳವೇ ತುಂಬಬೇಕು.

ನನ್ನ ನಿಜವಾದ ತಕರಾರು ಮಾರುವ ವಸ್ತುವಿನ ಬಗ್ಗೆ. ಪೆಡಲ್, ಪ್ರೊಸೆಸರ್, ಬಳಸದ ಆ್ಯಂಪ್ ಮಾರಿ ಗಿಟಾರಿಗೆ ಹೋಗುವುದು ಬೇರೆ. ದಿನಾ ನುಡಿಸುವ ಗಿಟಾರನ್ನೇ ಮಾರಿ, ಸೌದಾ ಕುದುರುವ ತನಕ ತಿಂಗಳುಗಟ್ಟಲೆ ಬರಿಗೈಲಿ ಕೂರುವುದು ಬೇರೆ. ಆ ತಿಂಗಳುಗಳಲ್ಲಿ ಬೆಳೆಯುವುದು ಚೌಕಾಸಿಯ ಕೈಚಳಕ ಮಾತ್ರ. ಎಷ್ಟೋ ಗಿಟಾರುಗಳು ಮಾರಾಟಕ್ಕೆ ಬರುವುದು ಕೆಟ್ಟಿವೆ ಎಂದೂ ಅಲ್ಲ. ಟ್ರಸ್ ರಾಡ್ ತಿರುಗಿಸಿ ಕತ್ತಿನ ಬಾಗು ಸರಿಪಡಿಸಿ, ನಟ್ ಕೊರೆದು, ತಂತಿ ಬದಲಿಸಿ ಒಳ್ಳೆಯ ಸೆಟಪ್ ಮಾಡಿಸಿದರೆ ಅರ್ಧ ಅಸಮಾಧಾನ ಅಲ್ಲೇ ಕಳೆಯುತ್ತದೆ. ಮುಂದಿನ ಮೆಟ್ಟಿಲಿಗೆ ಹೋಲಿಸಿದರೆ ಅದರ ಖರ್ಚು ಏನೇನೂ ಅಲ್ಲ.

ಅಕೂಸ್ಟಿಕ್ ಕನಸಿಗರ ಕಥೆಯಲ್ಲಿ ಇನ್ನೊಂದು ತಮಾಷೆ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದ ಮಾರ್ಟಿನ್ ಕಂಪನಿ 1969ರ ಕೊನೆಗೆ ಡಿ-28 ಗಿಟಾರಿನ ಬೆನ್ನಿಗೂ ಪಕ್ಕಕ್ಕೂ ಬ್ರೆಜಿಲಿನ ರೋಸ್‌ವುಡ್ ಬಿಟ್ಟು ಭಾರತದ ರೋಸ್‌ವುಡ್ ಹಿಡಿಯಿತು. ಅದು ನಮ್ಮ ಬೀಟೆ, ಮಲೆನಾಡು ಕೊಡಗಿನ ಕಾಡುಗಳಲ್ಲೂ ಬೆಳೆಯುವ ಮರ. 2017ರಲ್ಲಿ ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದ ಈ ಕುಲದ ಮರಗಳನ್ನೆಲ್ಲ ನಿರ್ಬಂಧಕ್ಕೆ ತಂದಾಗ ಗಿಟಾರ್ ಗಡಿ ದಾಟಿಸುವುದೇ ಕಾಗದಪತ್ರದ ರಗಳೆಯಾಯಿತು; 2019ರ ನವೆಂಬರಿನಲ್ಲಿ ಸಿದ್ಧವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನಮ್ಮ ಮರಕ್ಕೆ ಪೆನ್ಸಿಲ್ವೇನಿಯಾದ ಅಂಟು ಹಾಕಿಸಿಕೊಂಡು, ಸುಂಕ ಕಟ್ಟಿ, ನಾಲ್ಕು ಗಿಟಾರ್ ಮಾರಿ ಮನೆಗೆ ತರುತ್ತೇವೆ.

ಏಣಿಯನ್ನೇ ಹತ್ತದೆ ಕನಸಿಗೆ ಮುಟ್ಟಿದವರೂ ಇದ್ದಾರೆ. ಕ್ವೀನ್ ತಂಡದ ಬ್ರಯಾನ್ ಮೇ 1963ರಲ್ಲಿ ಹುಡುಗನಾಗಿದ್ದಾಗ ತಂದೆಯ ಜೊತೆ ಕೂತು ಗಿಟಾರ್ ಕಟ್ಟಲು ಶುರುಮಾಡಿದರು. ಕತ್ತಿಗೆ ಹಳೇ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ, ಟ್ರೆಮೊಲೊಗೆ ಮೋಟರ್‌ಸೈಕಲ್‌ನ ವಾಲ್ವ್ ಸ್ಪ್ರಿಂಗು, ಫ್ರೆಟ್ ಬೋರ್ಡಿನ ಚುಕ್ಕೆಗಳಿಗೆ ಮುತ್ತಿನ ಚಿಪ್ಪಿನ ಗುಂಡಿ. ಜೀವಮಾನವಿಡೀ ಅವರು ವೇದಿಕೆಗೆ ಹೊತ್ತದ್ದು ಮುಖ್ಯವಾಗಿ ಅದನ್ನೇ. ನಾಗಸಂದ್ರದಿಂದ ಕೆಲವೇ ನಿಲ್ದಾಣ ಈಚೆ ಬಂದರೆ ಪೀಣ್ಯದ ಕಡೆ ಲೇತ್, ಮಿಲ್ಲಿಂಗ್, ಸ್ಪ್ರಿಂಗ್ ಸುತ್ತುವ ಶೆಡ್ಡುಗಳು ಸಾಲುಸಾಲು. ಅಲ್ಲಿಗೆ ಗಿಟಾರ್ ಬ್ರಿಡ್ಜಿನ ನಕ್ಷೆ ಹಿಡಿದು ಹೋದವರು ನನಗಿನ್ನೂ ಸಿಕ್ಕಿಲ್ಲ. ಸಿಕ್ಕರೆ ಅವರ ಗಿಟಾರಿನ ಬಗ್ಗೆ ಬೇರೆಯೇ ವಿಮರ್ಶೆ ಬರೆಯಬೇಕಾದೀತು.