ತಪ್ಪಿದ ಹೆಜ್ಜೆಯ ಕಥೆ

ಗಣಿತವನ್ನು ಕಥೆಯಾಗಿ ಹೇಳುವ ಸಾಹಸಕ್ಕೆ ವಿದ್ವಾಂಸರು ಸಾಮಾನ್ಯವಾಗಿ ಕೈಹಾಕುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗಣಕವಿಜ್ಞಾನ ವಿಭಾಗದಲ್ಲಿ ಪ್ರಾಧ್ಯಾಪಕರಾಗಿದ್ದ ಡೊನಾಲ್ಡ್ ಕನೂತ್ ಅವರು ಆ ಸಾಹಸವನ್ನು ಮಾಡಿದರು. 1973ರಲ್ಲಿ ನಾರ್ವೆ ದೇಶದ ಓಸ್ಲೊ ನಗರದಲ್ಲಿದ್ದಾಗ ಒಂದು ವಾರದಲ್ಲಿ ಅವರು ಬರೆದ ‘ಸರ್ರಿಯಲ್ ನಂಬರ್ಸ್’ ಎಂಬ ಕಿರುಕಾದಂಬರಿಯು 1974ರಲ್ಲಿ ಪ್ರಕಟವಾಯಿತು. ಕಾದಂಬರಿಯೆಂದು ಎಣಿಸಿದರೆ ಇದು ಸಾಧಾರಣವಾದ ಕೃತಿ. ಸಂಶೋಧನೆ ನಡೆಯುವ ಬಗೆಯ ಚಿತ್ರವೆಂದು ಎಣಿಸಿದರೆ ಅಪೂರ್ವವಾದುದು. ಹೀಗೆಂದು ನಮ್ಮ ಅಭಿಪ್ರಾಯ.

ವ್ಯಾಸಂಗವನ್ನು ಬಿಟ್ಟುಬಂದ ಆಲಿಸ್ ಮತ್ತು ಬಿಲ್ ಎಂಬಿಬ್ಬರಿಗೆ ಕಡಲತೀರದಲ್ಲಿ ಒಂದು ಶಿಲಾಲೇಖ ದೊರೆಯುತ್ತದೆ. ಅದರಲ್ಲಿ ಸಂಖ್ಯೆಗಳನ್ನು ಕುರಿತ ಎರಡು ನಿಯಮಗಳಿವೆ. ಪ್ರತಿಯೊಂದು ಸಂಖ್ಯೆಗೂ ಮೊದಲೇ ಹುಟ್ಟಿದ ಸಂಖ್ಯೆಗಳ ಎಡಗಣ, ಬಲಗಣ ಎಂದು ಎರಡು ಗಣಗಳುಂಟು. ಎಡಗಣದ ಯಾವ ಸಂಖ್ಯೆಯೂ ಬಲಗಣದ ಯಾವ ಸಂಖ್ಯೆಗೂ ಸಮನಾಗಿಯಾಗಲಿ, ಅದಕ್ಕಿಂತ ದೊಡ್ಡದಾಗಿಯಾಗಲಿ ಇರಕೂಡದು. ಇದು ಮೊದಲನೆಯ ನಿಯಮ. ಎರಡು ಸಂಖ್ಯೆಗಳನ್ನು ಹೋಲಿಸುವ ಕ್ರಮವೇ ಎರಡನೆಯದು. ಎರಡು ಗಣಗಳೂ ಬರಿದಾಗಿದ್ದರೆ ಸೊನ್ನೆ ಹುಟ್ಟುತ್ತದೆ. ಸೊನ್ನೆಯೊಂದನ್ನೇ ಎಡಕ್ಕಿಟ್ಟರೆ 1. ಬಲಕ್ಕಿಟ್ಟರೆ ಋಣ 1. ಸೊನ್ನೆ ಎಡಕ್ಕೂ 1 ಬಲಕ್ಕೂ ನಿಂತರೆ ಅರ್ಧ. ಈ ನಿಯಮಗಳು ಗಣಿತಜ್ಞ ಜಾನ್ ಕಾನ್ವೇ ಅವರವು. ಈ ಸಂಖ್ಯೆಗಳಿಗೆ ಹೆಸರಿಟ್ಟವರು ಕನೂತ್.

ಕೃತಿಯ ದೊಡ್ಡ ಗುಣವೆಂದರೆ ಅದರ ಪ್ರಾಮಾಣಿಕತೆ. ಇಲ್ಲಿ ಎಲ್ಲವೂ ಸಂಭಾಷಣೆಯಲ್ಲೇ ಸಾಗುತ್ತದೆ. ಒಬ್ಬರು ಊಹಿಸುತ್ತಾರೆ, ಮತ್ತೊಬ್ಬರು ಸಂದೇಹಿಸುತ್ತಾರೆ. ದೃಢವೆಂದು ನಂಬಿದ್ದ ಸಾಧನೆಯು ಬಿರುಕುಬಿಡುವ ಅಧ್ಯಾಯಕ್ಕೆ ‘ಆಪತ್ತು’ ಎಂದೂ, ಮುಂದಿನದಕ್ಕೆ ‘ಚೇತರಿಕೆ’ ಎಂದೂ ಅರ್ಥ ಬರುವ ಹೆಸರುಗಳಿವೆ. ಪಠ್ಯಪುಸ್ತಕವು ಮರೆಮಾಡುವುದನ್ನೇ ಇದು ಕಥೆಯ ನಡುಮನೆಗೆ ತಂದಿದೆ. ಕಾನ್ವೇಯವರ ಸಿದ್ಧಾಂತವನ್ನು ಕಲಿಸುವುದಕ್ಕಿಂತ, ಅಂತಹ ಸಿದ್ಧಾಂತವೊಂದನ್ನು ಕಟ್ಟುವ ಬಗೆಯನ್ನು ಕಲಿಸುವುದೇ ತಮ್ಮ ಉದ್ದೇಶವೆಂದು ಗ್ರಂಥಕರ್ತರೇ ಉತ್ತರಲೇಖದಲ್ಲಿ ಹೇಳಿಕೊಂಡಿದ್ದಾರೆ.

ದೋಷವನ್ನೂ ಹೇಳದಿರಲಾಗದು. ಮಾತಿನ ಮುಂದಿರುವ ಹೆಸರನ್ನು ಬೆರಳಿನಿಂದ ಮುಚ್ಚಿದರೆ ಆಡಿದವರು ಯಾರೆಂದು ಹಲವೆಡೆ ತಿಳಿಯುವುದಿಲ್ಲ. ಇವರಿಗೆ ಪರೀಕ್ಷೆಯಿಲ್ಲ, ಗಡುವಿಲ್ಲ, ತಮಗಿಂತ ಚುರುಕಾದ ಸಹಪಾಠಿಯ ಮುಂದೆ ಕುಗ್ಗುವ ಸಂಕಟವಿಲ್ಲ. ವಿಶ್ವವಿದ್ಯಾಲಯದ ವಿದ್ಯಾರ್ಥಿ ಜೀವನದಲ್ಲಿ ಸಂಶೋಧನೆಯು ಕಡಲತೀರದ ಏಕಾಂತದಲ್ಲಿ ನಡೆಯುವುದು ಅಪರೂಪ. ಕನೂತ್ ಅವರೇ ಸ್ಟ್ಯಾನ್‌ಫರ್ಡಿನಲ್ಲಿ ಸಮಸ್ಯಾಪರಿಹಾರದ ಗೋಷ್ಠಿಯೊಂದನ್ನು ನಡೆಸುತ್ತಿದ್ದರು. 1985ರ ಚಳಿಗಾಲದ ತರಗತಿಯ ಚರ್ಚೆಗಳನ್ನು ಬರೆದಿಟ್ಟು ವಿಭಾಗವು ವರದಿಯಾಗಿ ಹೊರತಂದಿತು. ಅಲ್ಲಿ ಹಲವರ ಕಂಠಗಳಿವೆ. ಕಾದಂಬರಿಯಲ್ಲಿ ನಮಗೆ ಕೊರತೆಯೆನಿಸಿದ್ದು ಆ ತರಗತಿಯ ಗದ್ದಲವೇ.

ಆದರೂ ಕನ್ನಡ ಮಾಧ್ಯಮದ ಉಪಾಧ್ಯಾಯರಾದ ನಮಗೆ ಈ ಕೃತಿ ಒಂದು ಕನ್ನಡಿಯಾಗಿದೆ. ಶುದ್ಧಪ್ರತಿಯ ಲೆಕ್ಕಕ್ಕೆ ಅಂಕವಿತ್ತು, ಹೊಡೆದುಹಾಕಿದ ಸಾಲಿಗೆ ಕೆಂಪು ಗೀಟೆಳೆಯುವುದು ನಮ್ಮ ಅಭ್ಯಾಸ. ಮಗು ಎಲ್ಲಿ ಯೋಚಿಸಿತೆಂಬುದರ ಗುರುತು ಆ ಸಾಲಿನಲ್ಲೇ ಇತ್ತಲ್ಲವೆ? ನಮ್ಮ ನುಡಿಯಲ್ಲಿ ಕಲಿತವರು ಹಿರಿಯ ವಿಜ್ಞಾನಕ್ಕೆ ಏರಲಾರರೆಂಬ ಅಂಜಿಕೆಯೂ ಗಡಿನಾಡಿನ ಮನೆಗಳಲ್ಲಿ ಉಂಟು. ಈ ಪುಸ್ತಕದಲ್ಲಿ ಶೋಧವು ಆರಂಭವಾಗುವುದು ಇಬ್ಬರು ಸ್ನೇಹಿತರ ಬಳಕೆಯ ಮಾತಿನಲ್ಲಿ. ಅಂತಹ ಮಾತು ನಮ್ಮ ಮಕ್ಕಳಲ್ಲಿ ಧಾರಾಳವಾಗಿದೆ.

ಒಂದು ದಿನ ಸೊನ್ನೆ, 1, ಋಣ 1 ಇಷ್ಟನ್ನೇ ಹಲಗೆಯ ಮೇಲೆ ಬರೆದು, ಮೊದಲ ನಿಯಮವನ್ನು ಹೇಳಿ, ಮುಂದೇನು ಹುಟ್ಟೀತೆಂದು ತರಗತಿಯನ್ನು ಕೇಳೋಣ. ಮಕ್ಕಳು ಬರೆದ ತಪ್ಪನ್ನು ಗಂಟೆ ಬಾರಿಸುವವರೆಗೆ ಒರೆಸದಿರೋಣ.